ಒಂಜಿ ನಮೂನೆ ಆಪುಂಡು: ಒಂದು ಬೆಳಗಿನ ಪಾಳಿಯ ಪ್ರಕರಣ ಅಧ್ಯಯನ

ನಾನು ಮಂಗಳೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ತರಗತಿಗಿಂತ ವಾರ್ಡಿನಲ್ಲೇ ಜಾಸ್ತಿ ಹೊತ್ತು ಇರುತ್ತೇನೆ. ಇದು ಒಂದು ಜುಲೈ ತಿಂಗಳ ಪ್ರಕರಣ. ರೋಗಿಯ, ವಿದ್ಯಾರ್ಥಿನಿಯ, ಆಸ್ಪತ್ರೆಯ ಗುರುತು ಸಿಗಬಾರದೆಂದು ಕೆಲವು ವಿವರ ಬಿಟ್ಟಿದ್ದೇನೆ. ಚಾರ್ಟಿನ ಅಂಕಿಗಳನ್ನು ಮಾತ್ರ ಇದ್ದ ಹಾಗೇ ಬರೆಯುತ್ತೇನೆ. ಇಡೀ ಕಥೆ ಇರುವುದೇ ಆ ಅಂಕಿಗಳಲ್ಲಿ.

ರೋಗಿ ಬಂಟ್ವಾಳ ಕಡೆಯವರು. ವಯಸ್ಸು 44. ಅಡಿಕೆ ತೋಟದಲ್ಲಿ ಕೆಲಸ. ಮಳೆ ಶುರುವಾದ ಮೇಲೆ ತೋಟದ ಕಣಿ (ನೀರು ಹರಿದುಹೋಗುವ ಕಾಲುವೆ) ಬಿಡಿಸುವ ಕೆಲಸಕ್ಕೆ ಬರಿಗಾಲಲ್ಲಿ ನೀರಿಗಿಳಿದಿದ್ದರು. ಕಾಲಲ್ಲಿ ಒಂದು ಸಣ್ಣ ಗಾಯ ಇತ್ತು. ಐದು ದಿನ ಜ್ವರ, ಮೀನಖಂಡದಲ್ಲಿ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಕೆಲಸ ಮಾಡಿದ ಯಾರಿಗಾದರೂ ಇಷ್ಟು ಹೇಳಿದರೆ ಸಾಕು, ಇಲಿಜ್ವರ ಅಂತ ಅನುಮಾನ ಬರುತ್ತದೆ. ಇಲಿಯ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ ಒಳಹೋಗುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹೆಚ್ಚಿನವರು ಆ್ಯಂಟಿಬಯಾಟಿಕ್‌ನಲ್ಲಿ ಸುಧಾರಿಸುತ್ತಾರೆ. ಕೆಲವರಲ್ಲಿ ಅದು ಕಿಡ್ನಿಗೆ, ಲಿವರ್‌ಗೆ, ಶ್ವಾಸಕೋಶಕ್ಕೆ ಹಿಡಿಯುತ್ತದೆ. ಶ್ವಾಸಕೋಶಕ್ಕೆ ಹಿಡಿದರೆ ಗಂಟೆಗಳ ಲೆಕ್ಕ.

ಹಿಂದಿನ ರಾತ್ರಿ ಅಡ್ಮಿಟ್ ಆಗಿದ್ದರು. ಆ್ಯಂಟಿಬಯಾಟಿಕ್ ಶುರುವಾಗಿತ್ತು, ಡ್ರಿಪ್ ಹೋಗುತ್ತಿತ್ತು, ಮೂಗಿಗೆ 2 ಲೀಟರ್ ಆಕ್ಸಿಜನ್, ಮೂತ್ರಕ್ಕೆ ಕ್ಯಾಥೆಟರ್. ಐಸಿಯುನಲ್ಲಿ ಬೆಡ್ ಖಾಲಿ ಇರಲಿಲ್ಲ. ಮೆಡಿಕಲ್ ವಾರ್ಡಿನ ಕಿಟಕಿ ಪಕ್ಕದ ಬೆಡ್ ಕೊಟ್ಟಿದ್ದರು.

ವಿದ್ಯಾರ್ಥಿನಿ ಬಿಎಸ್ಸಿ ನರ್ಸಿಂಗ್ ಕೊನೇ ವರ್ಷದವಳು, ಬಾಗಲಕೋಟೆ ಕಡೆಯ ಹುಡುಗಿ. ಕ್ರಿಟಿಕಲ್ ಕೇರ್ ಇಂಟರ್ನಲ್ಸ್‌ನಲ್ಲಿ ಅವಳದೇ ಮೊದಲ ಅಂಕ. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ, ಅದರ ಲಕ್ಷಣ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾಳೆ. ಸ್ಕಿಲ್ ಲ್ಯಾಬ್‌ನಲ್ಲಿ ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮೇಲೆ ಸಕ್ಷನ್ (ಕಫ ಎಳೆದು ತೆಗೆಯುವುದು), ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಸಿಪಿಆರ್ ಎಲ್ಲ ಚೆನ್ನಾಗಿ ಮಾಡಿ ತೋರಿಸಿದ್ದಳು. ಗಂಭೀರ ರೋಗಿಯನ್ನು ನೋಡಿಕೊಳ್ಳಲು ತಯಾರಿದ್ದಾಳೆ ಅಂತ ಲಾಗ್ ಬುಕ್‌ನಲ್ಲಿ ಸಹಿ ಹಾಕಿದವಳು ನಾನೇ.

ಆ ಬೆಳಗ್ಗೆ

30 ಬೆಡ್‌ನ ವಾರ್ಡಿಗೆ ಮೂವರು ಸ್ಟಾಫ್ ಸಿಸ್ಟರ್. ಆ ಪಾಳಿಯಲ್ಲಿದ್ದ ನನ್ನ ಎಂಟು ವಿದ್ಯಾರ್ಥಿಗಳು ಮೂರು ವಾರ್ಡುಗಳಲ್ಲಿ ಹಂಚಿಹೋಗಿದ್ದರು. ಈ ಹುಡುಗಿಗೆ ನಾಲ್ಕು ರೋಗಿಗಳು.

8 ಗಂಟೆಗೆ ಅವಳು ಬರೆದದ್ದು: ನಾಡಿ 104, ಬಿಪಿ 112/70, ಉಸಿರಾಟ 20, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್, ಶೇಕಡಾ ಲೆಕ್ಕದಲ್ಲಿ) 96, ಜ್ವರ 38.4 ಡಿಗ್ರಿ.

10 ಗಂಟೆಗೆ: ನಾಡಿ 116, ಬಿಪಿ 104/66, ಉಸಿರಾಟ 20, ಸ್ಯಾಚುರೇಷನ್ 95, ಜ್ವರ 38.2.

12 ಗಂಟೆಗೆ: ನಾಡಿ 128, ಬಿಪಿ 96/60, ಉಸಿರಾಟ 20, ಸ್ಯಾಚುರೇಷನ್ 93, ಜ್ವರ 37.8. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ರೋಗಿ ಚಡಪಡಿಸುತ್ತಿದ್ದಾರೆ, ಸಮಾಧಾನ ಹೇಳಲಾಯಿತು. ಆಕ್ಸಿಜನ್ 4 ಲೀಟರ್‌ಗೆ ಏರಿಸಲಾಯಿತು.’

ನಾನು ಆ ವಾರ್ಡಿಗೆ ಬಂದಾಗ 12.40. ಬಾಗಿಲಿಂದಲೇ ಕಂಡಿತು. ಆ ಮನುಷ್ಯ ಮಲಗಿರಲಿಲ್ಲ. ಮಂಚದ ಅಂಚಿಗೆ ಬಂದು, ಎರಡೂ ಕೈಯನ್ನು ಮಂಡಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. ಕತ್ತಿನ ಬುಡದ ಗುಳಿ ಪ್ರತಿ ಉಸಿರಿಗೂ ಒಳಗೆ ಎಳೆಯುತ್ತಿತ್ತು. ಹಣೆಯಲ್ಲಿ ತಣ್ಣನೆ ಬೆವರು. ಮೂಗಿನ ಆಕ್ಸಿಜನ್ ನಳಿಗೆಯನ್ನು ಕಿತ್ತು ಕಿತ್ತು ಹಾಕುತ್ತಿದ್ದರು, ಹೆಂಡತಿ ಮತ್ತೆ ಮತ್ತೆ ಇಡುತ್ತಿದ್ದರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟು ಒಂದು ನಿಮಿಷ ಪೂರ್ತಿ ಎಣಿಸಿದೆ. 36.

ಯೂರೋಬ್ಯಾಗ್ ಎತ್ತಿ ನೋಡಿದೆ. ಬೆಳಗ್ಗೆ ಖಾಲಿ ಮಾಡಿದ್ದ ಚೀಲದಲ್ಲಿ 50 ಎಂಎಲ್ ಕೂಡ ಇರಲಿಲ್ಲ. ಅದೂ ಕಷಾಯದ ಬಣ್ಣ. ಸುಮಾರು 60 ಕೆಜಿ ತೂಕದ ಮನುಷ್ಯನಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ನಾಲ್ಕೂವರೆ ಗಂಟೆಗೆ ಎಷ್ಟಾಗಬೇಕಿತ್ತು, ನೀವೇ ಲೆಕ್ಕ ಹಾಕಿ. ಮೂತ್ರದ ಅಳತೆ ಪಾಳಿ ಮುಗಿಯುವಾಗ ಒಂದೇ ಸಲ ಬರೆಯುವುದು ಆ ವಾರ್ಡಿನ ಅಭ್ಯಾಸ. 2 ಗಂಟೆಗೆ ಬರೆಯುತ್ತಿದ್ದಳು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಚೀಲವಿರುವ ಮಾಸ್ಕ್ ಹಾಕಿ 15 ಲೀಟರ್ ಆಕ್ಸಿಜನ್ ಕೊಟ್ಟೆವು. ಡ್ಯೂಟಿ ಡಾಕ್ಟರ್ ಓಡಿಬಂದರು. ಡ್ರಿಪ್ ನಿಲ್ಲಿಸಿದರು, ರಕ್ತ ತೆಗೆದರು, ಬೆಡ್ ಹತ್ತಿರವೇ ಎಕ್ಸ್‌ರೇ ತೆಗೆಸಿದರು. ಎರಡೂ ಶ್ವಾಸಕೋಶದಲ್ಲಿ ಹತ್ತಿ ಹರಡಿದ ಹಾಗೆ ಬಿಳಿ. ಐಸಿಯುನಿಂದ ಒಬ್ಬರನ್ನು ಹೊರತಂದು ಇವರಿಗೆ ಜಾಗ ಮಾಡಿದರು. ಸಂಜೆಯೊಳಗೆ ವೆಂಟಿಲೇಟರ್, ಬಿಪಿ ಏರಿಸಲು ನಾರ್ ಅಡ್ರಿನಲಿನ್. ಮರುದಿನ ಡಯಾಲಿಸಿಸ್.

20 ಎಂಬ ಅಂಕಿ

ಮೂರು ಸಲವೂ ಉಸಿರಾಟ 20. ಇದನ್ನು ಓದಿ ಹುಡುಗಿಯನ್ನು ಬೈಯುವ ಮೊದಲು ನಿಮ್ಮ ವಾರ್ಡಿನ ಚಾರ್ಟ್ ತೆಗೆದು ನೋಡಿ. ಇಡೀ ವಾರ್ಡಿಗೇ 20 ಇರುತ್ತದೆ. ಕೆಲವು ಕಡೆ 18. ನಾಡಿಯನ್ನು ಮಾನಿಟರ್ ಹೇಳುತ್ತದೆ, ಬಿಪಿಯನ್ನು ಮೆಷಿನ್ ಹೇಳುತ್ತದೆ, ಸ್ಯಾಚುರೇಷನ್ ಬೆರಳಿನ ಕ್ಲಿಪ್ ಹೇಳುತ್ತದೆ. ಉಸಿರು ಮಾತ್ರ ಮನುಷ್ಯ ನಿಂತು ಎಣಿಸಬೇಕಾದದ್ದು. ಹಾಗಾಗಿ ಅದನ್ನೇ ಯಾರೂ ಎಣಿಸುವುದಿಲ್ಲ.

ಆದರೆ ರೋಗಿ ಕೆಡುತ್ತಿದ್ದಾನೆ ಅಂತ ಎಲ್ಲಕ್ಕಿಂತ ಮೊದಲು ಹೇಳುವ ಲಕ್ಷಣಗಳಲ್ಲಿ ಉಸಿರಾಟದ ವೇಗವೂ ಒಂದು. ಸ್ಯಾಚುರೇಷನ್ ತಡವಾಗಿ ಬೀಳುತ್ತದೆ. ದೇಹ ಜೋರಾಗಿ ಉಸಿರಾಡಿ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಮೇಲಿಂದ ನಾವು ಆಕ್ಸಿಜನ್ ಏರಿಸಿದರೆ ಅಂಕಿ ಇನ್ನೂ ಚೆನ್ನಾಗಿ ಕಾಣುತ್ತದೆ, ಒಳಗಿನ ಒದ್ದಾಟ ಮುಚ್ಚಿಹೋಗುತ್ತದೆ. 93 ಎಂಬ ಅಂಕಿ ನೋಡಿ ಹುಡುಗಿಗೆ ಸ್ವಲ್ಪ ಧೈರ್ಯ ಬಂದಿತ್ತಂತೆ. ಆ 93ನ್ನು ಹಿಡಿದು ನಿಲ್ಲಿಸಿದ್ದು ನಿಮಿಷಕ್ಕೆ 36 ಉಸಿರು ಮತ್ತು ದುಪ್ಪಟ್ಟು ಆಕ್ಸಿಜನ್.

ಚಡಪಡಿಕೆಯೂ ಹಾಗೇ. ಆಕ್ಸಿಜನ್ ಸಾಲದ ಮಿದುಳು ಚಡಪಡಿಸುತ್ತದೆ, ಮಾಸ್ಕ್ ಕೀಳುತ್ತದೆ. ಅದಕ್ಕೆ ಸಮಾಧಾನ ಹೇಳುವುದು ಚಿಕಿತ್ಸೆ ಅಲ್ಲ. ಇದು ಅವಳಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಪರೀಕ್ಷೆಯಲ್ಲಿ ಬರೆದಿದ್ದಾಳೆ, ನಾನೇ ಅಂಕ ಕೊಟ್ಟಿದ್ದೇನೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಒಂದು ಮುನ್ನೆಚ್ಚರಿಕೆ ಅಂಕಪಟ್ಟಿ ತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿತು. ನ್ಯೂಸ್ 2 ಅಂತ ಕರೆಯುತ್ತಾರೆ. ನಾಡಿ, ಬಿಪಿ, ಉಸಿರಾಟದಂಥ ಪ್ರತಿ ವೈಟಲ್‌ಗೂ 0ಯಿಂದ 3 ಅಂಕ. ಒಟ್ಟು 5 ಆದರೆ ಬೇಗ ಬಂದು ನೋಡಬೇಕು, 7 ಆದರೆ ತುರ್ತು. ಅವತ್ತು ಸಂಜೆ ನಾನು ಕೂತು ಆ ಚಾರ್ಟಿಗೆ ಅಂಕ ಹಾಕಿದೆ. 8 ಗಂಟೆಗೆ 4. 10 ಗಂಟೆಗೆ 7. ಉಸಿರಾಟ 20 ಅಂತ ಸುಳ್ಳು ಅಂಕಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೂ 7. 12 ಗಂಟೆಗೆ 8. ನಾನು ಎಣಿಸಿದ 36ನ್ನು ಸೇರಿಸಿದರೆ 11. ರೋಗಿಯ ಗೊಂದಲಕ್ಕೆ ಇನ್ನೂ 3 ಸೇರಿಸಿದರೆ 14.

ಅಂದರೆ ಕಾಗದಕ್ಕೆ 10 ಗಂಟೆಗೇ ಗೊತ್ತಿತ್ತು. ಅದನ್ನು ಕೂಡಿಸಿ ನೋಡುವವರು ಇರಲಿಲ್ಲ.

ಅವಳು ಹೇಳಿದ್ದು

ಮೂರು ಗಂಟೆಗೆ ಅವಳು ಲಿನನ್ ರೂಮಿನಲ್ಲಿ ಅಳುತ್ತಾ ನಿಂತಿದ್ದಳು. ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಬೈಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಏನಾಯ್ತು ಅಂತ ಮೊದಲಿಂದ ಹೇಳು, ನಾನು ಸುಮ್ನೆ ಕೇಳ್ತೇನೆ ಅಂದೆ. ಅವಳು ಹೇಳಿದ ಮೂರು ವಿಷಯ ನನಗೆ ಇವತ್ತಿಗೂ ನೆನಪಿವೆ.

ಮೊದಲನೆಯದು ಗಡಿಯಾರ. “20 ಅಂತ ಯಾಕೆ ಬರೆದೆ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಮೇಡಂ, ಎಣಸಾಕ ವಾಚ್ ಇರಲಿಲ್ರಿ” ಅಂದಳು. ಕೈಗೆ ವಾಚ್ ಕಟ್ಟಬೇಡಿ, ಸೋಂಕು ಹರಡುತ್ತದೆ ಅಂತ ನಾವೇ ಹೇಳಿದ್ದೇವೆ. ಮೊಬೈಲ್ ವಾರ್ಡಿಗೆ ತರಬೇಡಿ ಅಂತಲೂ ನಾವೇ ಹೇಳಿದ್ದೇವೆ. ಗೋಡೆಯ ಗಡಿಯಾರ ನೋಡಲು ನಾನು ವಾಪಸ್ ಹೋದೆ. ಕಂಬದ ಆಚೆ ಇದೆ, ಆ ಬೆಡ್‌ನಿಂದ ಕಾಣುವುದೇ ಇಲ್ಲ. ಹತ್ತಿರ ಹೋಗಿ ನೋಡಿದರೆ ಸೆಕೆಂಡ್ ಮುಳ್ಳು ಒಂಬತ್ತರ ಹತ್ತಿರ ನಿಂತು ನಡುಗುತ್ತಿತ್ತು. ಎಷ್ಟು ದಿನದಿಂದಲೋ. ಮೂರು ವರ್ಷ ನಾನು ಅದೇ ವಾರ್ಡಿಗೆ ಹೋಗಿ ಬಂದು ಮಾಡಿದ್ದೇನೆ. ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದು ಭಾಷೆ. ಒಂಬತ್ತೂವರೆಯಿಂದಲೂ ರೋಗಿಯ ಹೆಂಡತಿ ಅವಳನ್ನು ಕರೆದು ಕರೆದು ಒಂದೇ ಮಾತು ಹೇಳುತ್ತಿದ್ದರಂತೆ. “ಒಂಜಿ ನಮೂನೆ ಆಪುಂಡು ಸಿಸ್ಟರ್, ಒಂಜಿ ನಮೂನೆ ಆಪುಂಡು.” ಹುಡುಗಿಗೆ ತುಳು ಬರುವುದಿಲ್ಲ. ನೀರು ಕೇಳುತ್ತಿದ್ದಾರೆ ಅಂದುಕೊಂಡು ನೀರು ಕೊಟ್ಟಿದ್ದಾಳೆ. ಬೆನ್ನಿಗೆ ದಿಂಬು ಇಟ್ಟಿದ್ದಾಳೆ. ಕಾಳಜಿ ಇತ್ತು, ಅರ್ಥ ಗೊತ್ತಿರಲಿಲ್ಲ. ಒಂಜಿ ನಮೂನೆ ಆಪುಂಡು ಅಂದರೆ ಒಂಥರಾ ಆಗ್ತಾ ಇದೆ. ಇಲ್ಲಿಯ ಜನ ಎದೆನೋವಿಗೂ ಅದನ್ನೇ ಹೇಳುತ್ತಾರೆ, ತಲೆ ಸುತ್ತಿದರೂ ಅದನ್ನೇ ಹೇಳುತ್ತಾರೆ, ಉಸಿರು ಕಟ್ಟಿದರೂ ಅದನ್ನೇ. ನಮ್ಮ ಊರಲ್ಲಿ ಹುಟ್ಟಿದ ನರ್ಸ್ ಆ ಮಾತು ಕೇಳಿದರೆ ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಹೋಗುತ್ತಾಳೆ.

ಮೂರನೆಯದು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ಅವಳು ಸುಮ್ಮನೆ ಇರಲಿಲ್ಲ. ಹತ್ತೂವರೆಗೆ ಸ್ಟಾಫ್ ಸಿಸ್ಟರ್ ಹತ್ತಿರ ಹೋಗಿದ್ದಳು. “ಸಿಸ್ಟರ್, ಆ ಪೇಷಂಟ್ ಒಂಥರಾ ಇದ್ದಾರೆ” ಅಂದಿದ್ದಳು. ಸಿಸ್ಟರ್ ಆಗ ಇನ್ನೊಬ್ಬರಿಗೆ ರಕ್ತ ಹಾಕುತ್ತಿದ್ದರು, ಚೀಲದ ನಂಬರ್ ಹೊಂದಿಸಿ ನೋಡುತ್ತಿದ್ದರು. “ಆಯ್ತು, ನೋಡ್ತೇನೆ. ಸ್ಯಾಚುರೇಷನ್ ಕಡಿಮೆ ಆದ್ರೆ ಆಕ್ಸಿಜನ್ ಸ್ವಲ್ಪ ಜಾಸ್ತಿ ಮಾಡು” ಅಂದರು. ಇವಳು ಬಂದಳು. 12 ಗಂಟೆಗೆ ಹೇಳಿದ ಹಾಗೇ ಮಾಡಿದಳು.

“ಮತ್ತೆ ಯಾಕೆ ಹೋಗಲಿಲ್ಲ?”

“ಒಮ್ಮೆ ಹೇಳಿದ್ದೆನಲ್ರಿ. ಮತ್ತ ಹೋದರ ಏನಂತ ಹೇಳ್ಲಿ? ಹೆಂಗ ಹೇಳಬೇಕಂತನ ತಿಳೀಲಿಲ್ಲ ನನಗ.”

ನೋಡಿ, ಹೆಂಡತಿ ಹೇಳಿದ್ದು ಒಂಜಿ ನಮೂನೆ. ಹುಡುಗಿ ಹೇಳಿದ್ದು ಒಂಥರಾ. ಎರಡೂ ಒಂದೇ ಮಾತು. ಇಬ್ಬರೂ ಕಂಡದ್ದು ನಿಜವೇ. ಆದರೆ ಒಬ್ಬರ ಮಾತು ತುಳುವಿನಿಂದ ಕನ್ನಡಕ್ಕೆ ದಾಟಲಿಲ್ಲ, ಇನ್ನೊಬ್ಬಳ ಮಾತು ಅನಿಸಿಕೆಯಿಂದ ಅಂಕಿಗೆ ದಾಟಲಿಲ್ಲ. ಹತ್ತೂವರೆಯಿಂದ ನಾನು ಬರುವ ತನಕದ ಆ ಎರಡು ಗಂಟೆ ಹತ್ತು ನಿಮಿಷ ಹೋದದ್ದು ಅಲ್ಲಿ.

ಸ್ಟಾಫ್ ಸಿಸ್ಟರ್ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವರನ್ನೂ ಮಾತಾಡಿಸಿದೆ. “ಮೇಡಂ, ಮಕ್ಕಳು ದಿನಕ್ಕೆ ಹತ್ತು ಸಲ ಬಂದು ಏನೋ ಹೇಳ್ತಾರೆ. ಇದು ಬೇರೆ ಅಂತ ನನಗೆ ಗೊತ್ತಾಗುವುದು ಹೇಗೆ?” ಅಂದರು. ರಕ್ತ ಹಾಕುವುದನ್ನು ಅರ್ಧಕ್ಕೆ ಬಿಟ್ಟು ಬರಲು ಅವರಿಗೆ ಒಂದು ಕಾರಣ ಬೇಕಿತ್ತು. ‘ನಾಡಿ 104 ಇದ್ದದ್ದು 116 ಆಗಿದೆ, ಬಿಪಿ ಇಳಿಯುತ್ತಿದೆ, ಉಸಿರು 30 ದಾಟಿದೆ’ ಅಂದಿದ್ದರೆ ಬರುತ್ತಿದ್ದರು. ನಾನು ಅವರನ್ನು ಬಲ್ಲೆ, ಖಂಡಿತ ಬರುತ್ತಿದ್ದರು.

ಹಾಗಂತ ‘ಒಂಥರಾ’ ಎಂಬ ಅನಿಸಿಕೆ ಕೆಲಸಕ್ಕೆ ಬಾರದ್ದಲ್ಲ. ಹೊರದೇಶಗಳ ಎಷ್ಟೋ ಆಸ್ಪತ್ರೆಗಳಲ್ಲಿ ತುರ್ತು ತಂಡವನ್ನು ಕರೆಯುವ ಕಾರಣಗಳ ಪಟ್ಟಿಯಲ್ಲಿ ‘ನರ್ಸ್‌ಗೆ ಆತಂಕ ಆಗಿದೆ’ ಎಂಬುದೂ ಒಂದು. ಅಂಕಿ ಸರಿ ಇದ್ದರೂ ಕರೆಯಬಹುದು. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ 2021ರಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಅಪ್ಪ ಅಮ್ಮ ಹೇಳುತ್ತಲೇ ಇದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಅಲ್ಲಿ ಮಾರ್ಥಾ ನಿಯಮ ಜಾರಿಗೆ ಬರತೊಡಗಿತು. ರೋಗಿಯ ಮನೆಯವರೇ ಬೇರೊಂದು ತಂಡವನ್ನು ಕರೆದು ತೋರಿಸಬಹುದು. ಇದನ್ನು ಓದುವಾಗಲೆಲ್ಲ ನನಗೆ ಕಿಟಕಿ ಪಕ್ಕದ ಆ ಹೆಂಗಸು ನೆನಪಾಗುತ್ತಾರೆ. ಮೂರು ಗಂಟೆ ಕಾಲ ಒಂದೇ ಮಾತು ಹೇಳಿದವರು.

ತಯಾರಿ ಅಂದರೆ ಏನು

ಕೊನೇ ವರ್ಷದ ಈ ಮಕ್ಕಳು ಕೆಲವೇ ತಿಂಗಳಲ್ಲಿ ರಿಜಿಸ್ಟ್ರೇಷನ್ ಮಾಡಿಸಿ ಕೆಲಸಕ್ಕೆ ಸೇರುತ್ತಾರೆ. ಎಷ್ಟೋ ಕಡೆ ಹೊಸಬರನ್ನೇ ನೇರ ಐಸಿಯುಗೆ ಹಾಕುತ್ತಾರೆ, ರಾತ್ರಿ ಪಾಳಿಗೂ ಹಾಕುತ್ತಾರೆ. ಆಗ ಹಿಂದೆ ನಾನು ಇರುವುದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಎಂಟು ಸೆಮಿಸ್ಟರ್‌ಗಳ ಹೊಸ ಪಠ್ಯಕ್ರಮದಲ್ಲಿ ಸ್ಕಿಲ್ ಲ್ಯಾಬ್, ಸಿಮ್ಯುಲೇಷನ್ ಎಲ್ಲಕ್ಕೂ ಜಾಗ ಇದೆ. ಒಳ್ಳೆಯದೇ. ಆದರೆ ನಮ್ಮ ಮ್ಯಾನಿಕಿನ್ ಬೆವರುವುದಿಲ್ಲ, ತುಳು ಮಾತಾಡುವುದಿಲ್ಲ, ಅದರ ಪಕ್ಕದಲ್ಲಿ ಕೈ ಬಿಡುವಿಲ್ಲದ ಸಿಸ್ಟರ್ ನಿಂತಿರುವುದಿಲ್ಲ. ನಾವು ಕೈಗೆ ಕಲಿಸಿದ್ದೆವು, ಬಾಯಿಗೆ ಕಲಿಸಿರಲಿಲ್ಲ.

ಮುಂದಿನ ವಾರದಿಂದ ಕೆಲವು ಬದಲಾವಣೆ ಮಾಡಿಕೊಂಡೆವು. ಯೂನಿಫಾರ್ಮಿಗೆ ಪಿನ್ ಮಾಡುವ ಸೆಕೆಂಡ್ ಮುಳ್ಳಿನ ವಾಚ್ ಎಲ್ಲರಿಗೂ ತರಿಸಿದೆವು. ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದೆ. ಉಸಿರನ್ನು ಪೂರ್ತಿ 60 ಸೆಕೆಂಡ್ ಎಣಿಸುವುದು. ಎಣಿಸುತ್ತಿದ್ದಾರೆ ಅಂತ ರೋಗಿಗೆ ಗೊತ್ತಾದರೆ ಉಸಿರಾಟವೇ ಬದಲಾಗುತ್ತದೆ, ಹಾಗಾಗಿ ನಾಡಿ ಹಿಡಿದ ಹಾಗೇ ಕೈ ಇಟ್ಟುಕೊಂಡು ಎದೆ ನೋಡುವುದು. ಗಂಭೀರ ಇರುವವರ ಮೂತ್ರ ಗಂಟೆಗೊಮ್ಮೆ ನೋಡುವುದು. ಇಲ್ಲಿಯ ಹುಡುಗಿಯರೇ ಹೊರಗಿನವರಿಗೆ ತುಳುವಿನ ಇಪ್ಪತ್ತು ಮಾತು ಕಲಿಸಿದರು. “ದಾದ ಆಪುಂಡು?” (ಏನಾಗ್ತಾ ಇದೆ?), “ಬೇನೆ ಉಂಡಾ?” (ನೋವಿದೆಯಾ?) ಹೀಗೆ. ಮೊದಲು ಕಲಿಸಿದ್ದು ಮಾತ್ರ ‘ಒಂಜಿ ನಮೂನೆ’.

ಎಲ್ಲಕ್ಕಿಂತ ಕಷ್ಟ ಆದದ್ದು ಕರೆಯುವುದನ್ನು ಕಲಿಸುವುದು. ಎಸ್‌ಬಿಎಆರ್ ಅಂತ, ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಏನು ಮಾಡಬೇಕು ಎಂಬುದನ್ನು ಸಾಲಾಗಿ ಹೇಳುವ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಶುರುವಾಗಿ ಆಸ್ಪತ್ರೆಗಳಿಗೆ ಬಂದದ್ದು. ನಮ್ಮ ಮಕ್ಕಳಿಗೆ ಆ ನಾಲ್ಕು ಅಕ್ಷರದ ಅರ್ಥ ಬಾಯಿಪಾಠ ಇದೆ. ಹಾಗಾಗಿ ಅದನ್ನು ಬಿಟ್ಟು ಮನೆಮಾತಿನಲ್ಲಿ ನಾಲ್ಕು ಪ್ರಶ್ನೆ ಮಾಡಿದೆವು. ಯಾರು? ಏನು ಬದಲಾಯ್ತು? ಈಗ ಎಷ್ಟು? ನನಗೆ ಏನು ಬೇಕು? ಕೊನೆಯ ಪ್ರಶ್ನೆಗೇ ಎಲ್ಲರೂ ತಡವರಿಸಿದರು. “ಈಗಲೇ ಬನ್ನಿ” ಅಂತ ದೊಡ್ಡವರಿಗೆ ಹೇಳುವುದು ನಮ್ಮ ಮಕ್ಕಳ ಬಾಯಲ್ಲಿ ಬರುವುದೇ ಇಲ್ಲ. ಹನ್ನೆರಡು ವರ್ಷ ಶಾಲೆ, ನಾಲ್ಕು ವರ್ಷ ಕಾಲೇಜು, ದೊಡ್ಡವರು ಕೆಲಸದಲ್ಲಿದ್ದಾಗ ಅಡ್ಡ ಬರಬೇಡ ಅಂತಲೇ ಕಲಿತು ಬಂದಿರುತ್ತಾರೆ, ಅಲ್ವಾ?

ಹಾಗಾಗಿ ಅದನ್ನೇ ಅಭ್ಯಾಸ ಮಾಡಿಸಿದೆ. ನಾನು ಬಿಡುವಿಲ್ಲದ ಸಿಸ್ಟರ್ ಆಗಿ ನಿಲ್ಲುತ್ತಿದ್ದೆ. ಬೆನ್ನು ತಿರುಗಿಸಿ ಇಂಜೆಕ್ಷನ್ ತುಂಬುತ್ತಾ, “ಆಮೇಲೆ ನೋಡ್ತೇನೆ” ಅನ್ನುತ್ತಿದ್ದೆ. ಮೊದಲ ದಿನ ಹನ್ನೊಂದು ಮಂದಿಯಲ್ಲಿ ಒಂಬತ್ತು ಜನ “ಆಯ್ತು ಸಿಸ್ಟರ್” ಅಂತ ವಾಪಸ್ ಹೋದರು. ಅಭ್ಯಾಸ ಅಂತ ಗೊತ್ತಿದ್ದೂ ಹೋದರು. ಎರಡನೇ ಸಲ ಕೇಳುವುದು, ಆಗದಿದ್ದರೆ ಇನ್‌ಚಾರ್ಜ್ ಹತ್ತಿರ, ಅಲ್ಲೂ ಆಗದಿದ್ದರೆ ನೇರ ಡ್ಯೂಟಿ ಡಾಕ್ಟರಿಗೆ ಹೋಗುವುದು. ಇದು ಅವಿಧೇಯತೆ ಅಲ್ಲ ಅಂತ ನಾನು ಮತ್ತು ಇನ್‌ಚಾರ್ಜ್ ಸಿಸ್ಟರ್ ಇಬ್ಬರೂ ಒಟ್ಟಿಗೆ ನಿಂತು ಹೇಳಬೇಕಾಯ್ತು. ಸ್ಟಾಫ್ ಕಡೆಯಿಂದ ಆ ಮಾತು ಬರದಿದ್ದರೆ ಮಕ್ಕಳು ನಂಬುತ್ತಿರಲಿಲ್ಲ.

ಐದನೇ ದಿನ

ಆ ಹುಡುಗಿ ಐಸಿಯು ಪೋಸ್ಟಿಂಗ್‌ನಲ್ಲಿ ಅದೇ ರೋಗಿಯನ್ನೇ ಕೊಡಿ ಅಂತ ಕೇಳಿದಳು. ನನಗೆ ಹೆದರಿಕೆ ಇತ್ತು, ಆದರೂ ಕೊಟ್ಟೆ. ಒಬ್ಬ ಸ್ಟಾಫ್ ಸಿಸ್ಟರ್ ಜೊತೆಗೆ ಇರುತ್ತಿದ್ದರು.

ಐದನೇ ದಿನ ಬೆಳಗ್ಗೆ ನಾನು ಎರಡು ಬೆಡ್ ಆಚೆ ಇದ್ದೆ. ವೆಂಟಿಲೇಟರ್ ಅಲಾರಂ ಹೊಡೆಯಿತು. ಹೊಸಬರು ಮೊದಲು ಮೆಷಿನ್ ಕಡೆ ನೋಡುತ್ತಾರೆ, ಅಲಾರಂ ಬಾಯಿ ಮುಚ್ಚಿಸಲು ಬಟನ್ ಹುಡುಕುತ್ತಾರೆ. ಅವಳು ರೋಗಿಯ ಕಡೆ ತಿರುಗಿದಳು. ಎದೆಯ ಮೇಲೆ ಅಂಗೈ ಇಟ್ಟಳು. ಟ್ಯೂಬ್ ಮಡಚಿದೆಯಾ ಅಂತ ಬಾಯಿಂದ ಮೆಷಿನ್ ತನಕ ಬೆರಳು ಓಡಿಸಿದಳು. ಆಮೇಲೆ ತಲೆ ಎತ್ತಿ, ಇಡೀ ಐಸಿಯುಗೆ ಕೇಳುವ ಹಾಗೆ, “ಸಿಸ್ಟರ್, ಮೂರನೇ ಬೆಡ್. ಸ್ಯಾಚುರೇಷನ್ 97 ಇದ್ದದ್ದು 90ಕ್ಕೆ ಬಂದಿದೆ. ಪ್ರೆಶರ್ ಅಲಾರಂ, ಎದೆಯಲ್ಲಿ ಗರಗರ ಇದೆ. ಸಕ್ಷನ್ ಬೇಕು, ಈಗಲೇ ಬನ್ನಿ.”

ಧ್ವನಿ ನಡುಗುತ್ತಿತ್ತು. ಸಿಸ್ಟರ್ ಬಂದರು. ನೂರಕ್ಕೆ ನೂರು ಆಕ್ಸಿಜನ್ ಕೊಟ್ಟು, ಹತ್ತು ಸೆಕೆಂಡಿನ ಒಂದು ಸಕ್ಷನ್. ದಪ್ಪನೆಯ ಕಫದ ಗಟ್ಟಿ ಬಂತು. ಸ್ವಲ್ಪ ಹೊತ್ತಿಗೆ 96. ಹುಡುಗಿ ಚಾರ್ಟ್ ತೆಗೆದುಕೊಂಡು ಸಮಯ ಬರೆದಳು.

ಅವರು ಏಳನೇ ದಿನ ವೆಂಟಿಲೇಟರ್‌ನಿಂದ ಹೊರಬಂದರು. ಮೂರು ಡಯಾಲಿಸಿಸ್ ಆದ ಮೇಲೆ ಮೂತ್ರ ತಾನಾಗಿ ಬರತೊಡಗಿತು. ಇಲಿಜ್ವರದಲ್ಲಿ ಕಿಡ್ನಿ ಹೀಗೆ ಚೇತರಿಸಿಕೊಳ್ಳುವುದು ಉಂಟು. ಆಟಿ ತಿಂಗಳು (ಆಗಸ್ಟ್ ನಡುವಿನ ತನಕದ ತುಳು ತಿಂಗಳು) ಮುಗಿಯುವ ಮೊದಲು ಮನೆಗೆ ಹೋದರು. ಆ ಎರಡು ಗಂಟೆ ಮೊದಲೇ ನೋಡಿದ್ದರೆ ಟ್ಯೂಬ್ ಹಾಕುವುದು ತಪ್ಪುತ್ತಿತ್ತಾ ಅಂತ ಹುಡುಗಿ ನನ್ನನ್ನು ಕೇಳಿದಳು. ಹೇಳಲಾಗುವುದಿಲ್ಲ ಮಗಾ ಅಂದೆ. ಅದು ಸತ್ಯವೇ.

ಕಳೆದ ವಾರ ಅದೇ ವಾರ್ಡಿಗೆ ಹೊಸ ಬ್ಯಾಚ್ ಬಂತು. ಎರಡನೇ ದಿನ ಆರು ಬೆಡ್‌ನ ಚಾರ್ಟ್ ತೆಗೆದು ನೋಡಿದೆ. ನಾಲ್ಕರಲ್ಲಿ 20. ಬರೆದ ಇಬ್ಬರು ಹುಡುಗಿಯರನ್ನು ಕರೆದೆ, ಸ್ಟೂಲ್ ಎಳೆದು ಕೂರಿಸಿದೆ, ವಾಚ್ ತಿರುಗಿಸಿ ಹಿಡಿಯಲು ಹೇಳಿದೆ. ಮೊದಲ ಬೆಡ್‌ನಲ್ಲಿ 18 ಬಂತು. ಎರಡನೆಯದರಲ್ಲಿ 19. ಮೂರನೆಯ ಬೆಡ್‌ನ ಅಜ್ಜಿಗೆ ಎಣಿಸಿ ಮುಗಿಸಿದ ಹುಡುಗಿ ನನ್ನ ಮುಖ ನೋಡಿದಳು. “28 ಮೇಡಂ” ಅಂದಳು. ನಾನು ಏನೂ ಹೇಳಲಿಲ್ಲ. ಅವಳು ಎದ್ದು ಸ್ಟಾಫ್ ಸಿಸ್ಟರ್ ಕಡೆ ಹೋದಳು.